ಹೆಣವಾಗಿದ್ದ ಮಳೆಗಾಲ

ಹೋದ ತಿಂಗಳು ಹೊನ್ನಾವರದ ಬಂದರಿನಲ್ಲಿ ಯಾರೋ ಮಗುಚಿ ಹಾಕಿದ ದೋಣಿಗೆ ಮೀನೆಣ್ಣೆ ಹಚ್ಚುತ್ತಿದ್ದರು. ವಾಸನೆ ಬಂದದ್ದೇ ತಡ, ನಾನು ಉಸಿರು ಹಿಡಿದುಕೊಂಡೆ. ಹೇಸಿಗೆಯಿಂದ ಅಲ್ಲ, ದೋಣಿಯ ಮನೆಯಲ್ಲಿ ಹುಟ್ಟಿದವನಿಗೆ ಮೀನೆಣ್ಣೆಯೊಂದು ವಾಸನೆಯೇ? ಎದೆ ಏಳಬಾರದು, ಹೊಟ್ಟೆ ಆಡಬಾರದು, ರೆಪ್ಪೆ ಅದುರಬಾರದು ಎಂದು ಯಾರೋ ಅಪ್ಪಣೆ ಕೊಟ್ಟ ಹಾಗೆ ಹಿಡಿದುಕೊಂಡು ನಿಂತೆ. ಎಣ್ಣೆ ಹಚ್ಚುತ್ತಿದ್ದವನು ಕೈ ನಿಲ್ಲಿಸಿ ನೋಡಿದ.

"ಎಂತ ಆತು ಅಜ್ಜಾ? ತಲೆ ತಿರುಗ್ತದ್ಯಾ?"

"ಇಲ್ಲ ಮಾರಾಯಾ" ಎಂದು ಹೇಳಲು ಉಸಿರು ಬಿಡಬೇಕಾಯಿತು.

ಹಾಗೆ ಉಸಿರು ಹಿಡಿದದ್ದರ ಹಿಂದಿನ ಮಳೆಗಾಲವನ್ನು ನಾನು ಹಲವು ಸಲ ಬರೆದಿದ್ದೇನೆ. ಒಮ್ಮೆ ಕಥೆಯಾಗಿ, ಒಮ್ಮೆ ನಾಟಕವಾಗಿ, ಒಮ್ಮೆ ವಿರಾಮಚಿಹ್ನೆಯೇ ಇಲ್ಲದ ಗದ್ಯವಾಗಿ. ಪ್ರತಿಸಲವೂ ಅದು ಅಚ್ಚುಕಟ್ಟಾಗಿ ಬಂತು, ಅಚ್ಚುಕಟ್ಟಾಗಿ ಬಂದದ್ದಕ್ಕೇ ಹರಿದು ಹಾಕಿದೆ. ನಡೆದಾಗ ಅದು ಹಾಗಿರಲಿಲ್ಲ. ಅದರ ಮುಖ್ಯವಾದ ಭಾಗ ನಡೆಯುವಾಗ ನನ್ನ ಕಣ್ಣು ಮುಚ್ಚಿತ್ತು ಎಂಬುದನ್ನಂತೂ ಓದುವವರು ಮೊದಲೇ ತಿಳಿದಿರುವುದು ಒಳ್ಳೆಯದು.

ಎಪ್ಪತ್ತರ ದಶಕದ ಕೊನೆ. ಶರಾವತಿಗೆ ದೊಡ್ಡ ಸೇತುವೆ ಆಗಿತ್ತೋ ಇಲ್ಲವೋ ಎಂದು ಕೇಳಿದರೆ ಆಣೆ ಮಾಡಿ ಹೇಳಲಾರೆ. ನನ್ನ ನೆನಪಿನಲ್ಲಿ ಒಮ್ಮೆ ಸೇತುವೆ ಇರುತ್ತದೆ, ಒಮ್ಮೆ ಲಾಂಚಿನಲ್ಲಿ ಕೊಡೆ ಹಿಡಿದು ನಿಂತ ಜನ ಇರುತ್ತಾರೆ. ನಾನು ಹೊನ್ನಾವರದ ಒಂದು ಸರಕಾರಿ ಕಚೇರಿಯಲ್ಲಿ ಟ್ರೇಸರ್ ಆಗಿದ್ದೆ. ಎಂಜಿನಿಯರರು ಬರೆದ ನಕ್ಷೆಯ ಮೇಲೆ ತೆಳ್ಳಗಿನ ಬಟ್ಟೆ ಹಾಸಿ, ಅವರ ಗೆರೆಯ ಮೇಲೆ ನನ್ನ ಗೆರೆ ಎಳೆಯುವ ಕೆಲಸ. ಸಂಜೆ ಕೋಣೆಗೆ ಬಂದು, ಯಾರ ಗೆರೆಯ ಮೇಲೂ ಎಳೆಯದೆ ಬರೆಯಬೇಕು ಎಂದು ನಾಟಕ ಬರೆಯುತ್ತಿದ್ದೆ. ಶನಿವಾರ ಮಧ್ಯಾಹ್ನ ಬಸ್ಸು ಹತ್ತಿ ಕುಮಟೆಗೆ, ಕಡಲ ಬದಿಯ ನಮ್ಮ ಕೇರಿಗೆ ಹೋಗುವುದು. ಅಲ್ಲಿ ನನ್ನ ತಾಯಿ ಇದ್ದಳು. ಅವ್ವಿ ಎನ್ನುತ್ತಿದ್ದೆವು. ಒಂದೇ ಗೋಡೆಯ ಆಚೆ ಚಿಕ್ಕಪ್ಪ ಸುಬ್ರಾಯನ ಸಂಸಾರ.

ಅಪ್ಪ ಕಡಲಿಗೆ ಹೋಗಿ ಆಗ ಏಳೆಂಟು ವರ್ಷವಾಗಿತ್ತು. ಅಳಿವೆಯ ಹತ್ತಿರ ದೋಣಿ ಮಗುಚಿ, ಕೆಲವರು ಈಜಿ ಬಂದರು, ಕೆಲವರು ತೇಲಿ ಬಂದರು. ಅಪ್ಪ ಎರಡೂ ರೀತಿಯಲ್ಲಿ ಬರಲಿಲ್ಲ. ಮಲ್ಪೆಯಲ್ಲಿ ಕಂಡೆ ಎಂದು ಒಬ್ಬ ಹೇಳಿದ. ರತ್ನಾಗಿರಿಯ ಕಡೆ ಟ್ರಾಲರಿನಲ್ಲಿ ಅಡುಗೆ ಮಾಡಿಕೊಂಡಿದ್ದಾನೆ ಎಂದು ಇನ್ನೊಬ್ಬ. ಹೆಣ ಸಿಗದಿದ್ದರೆ ಮಾಡುವ ಕ್ರಮ ಒಂದಿದೆ: ದರ್ಭೆಯ ಗೊಂಬೆ ಕಟ್ಟಿ ಮಲಗಿಸಿ, ಹೆಂಡತಿ ಅದರ ಬದಿಗೆ ಕೂತು ಅಳಬೇಕು, ಆಮೇಲೆ ಸುಡಬೇಕು. ಚಿಕ್ಕಪ್ಪ ವರ್ಷಕ್ಕೊಮ್ಮೆ ಮಾತು ತೆಗೆಯುತ್ತಿದ್ದ. ಅವ್ವಿ ವರ್ಷಕ್ಕೊಮ್ಮೆ ಒಂದೇ ಉತ್ತರ ಕೊಡುತ್ತಿದ್ದಳು.

"ಹುಲ್ಲಿನ ಗೊಂಬೆ ತಂದು ಮಲಗ್ಸಿ, ಇವ ನಿನ್ನ ಗಂಡ, ಅಳು ಅಂದ್ರೆ ಅಳು ಬರ್ತದ್ಯನಾ ಸುಬ್ರಾಯಾ? ನಿಂಗೆ ಬರ್ತದೆ ಅಂದ್ರೆ ನೀನೇ ಅಳು."

ಅವಳು ಅಳದೆ ಕ್ರಮ ನಡೆಯುವ ಹಾಗಿರಲಿಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ಅಪ್ಪ ಸತ್ತೂ ಇರಲಿಲ್ಲ, ಇದ್ದೂ ಇರಲಿಲ್ಲ. ಅವ್ವಿ ಹಣೆಗೆ ಕುಂಕುಮ ಇಡುತ್ತಿದ್ದಳು. ಹೇಳಿದರೆ ಆಯಸ್ಸು ಕಡಿಮೆಯಾಗುತ್ತದೆಂದು ಗಂಡನ ಹೆಸರನ್ನು ಬಾಯಲ್ಲಿ ತರುತ್ತಿರಲಿಲ್ಲ. ರೇಶನ್ ಅಂಗಡಿಯಲ್ಲಿ ಯಜಮಾನರ ಹೆಸರು ಕೇಳಿದರೆ ಪಕ್ಕದಲ್ಲಿ ನಿಂತವರ ಕಡೆ ಕೈ ತೋರಿಸುವಳು, ಅವರೇ ಹೇಳಬೇಕು. ಚಿಕ್ಕಪ್ಪನಿಗೆ ಮಾತ್ರ ಅನುಮಾನ ಇರಲಿಲ್ಲ. ಮುಚ್ಚಂಜೆಯಲ್ಲಿ ಬಲೆ ಎತ್ತಿಕೊಂಡು ಬರುವಾಗ ಅವನು ನನ್ನ ಕಿವಿಯ ಹತ್ತಿರ ಹೇಳುತ್ತಿದ್ದ: "ಅಣ್ಣ ಅಲೆ ಬದಿಗೇ ನಿಂತಿರ್ತ ತಮಾ. ಮೊಣಕಾಲು ಮಟ ನೀರಲ್ಲಿ. ಮ್ಯಾಲೆ ಬಪ್ಪುಕೂ ಆಗ, ಹೋಪುಕೂ ಆಗ. ನಾ ಕಾಣ್ತೆ." ನಾನು ಓದಿದವನು, ಇದನ್ನೆಲ್ಲ ನಂಬುತ್ತಿರಲಿಲ್ಲ. ಆದರೆ ಮುಚ್ಚಂಜೆಯಲ್ಲಿ ಕಡಲಿನ ಕಡೆ ತಿರುಗುತ್ತಲೂ ಇರಲಿಲ್ಲ.

ಆಗ ನಾವೆಲ್ಲ ಅಸಂಗತ ನಾಟಕ ಬರೆಯುತ್ತಿದ್ದೆವು. ಕಥೆ ಇರಬಾರದು, ಊರು ಇರಬಾರದು, ಪಾತ್ರಕ್ಕೆ ಹೆಸರಿರಬಾರದು. ನನ್ನ ನಾಟಕದಲ್ಲಿ ನಡುವೆ ಒಂದು ಹೆಣ ಮಲಗಿರುತ್ತದೆ. ಸುತ್ತ ನಾಲ್ಕು ಜನ ಕೂತು, ಇವನು ಯಾರು ಎಂದು ವಾದಿಸುತ್ತಾರೆ. ಯಾರಿಗೂ ಗೊತ್ತಾಗುವುದಿಲ್ಲ. ಕೊನೆಯಲ್ಲಿ ಅವರಲ್ಲೊಬ್ಬಳು ಕಾರಣವಿಲ್ಲದೆ ಅಳುತ್ತಾಳೆ. ಅಷ್ಟೇ. ಇದಕ್ಕೂ ನಿನ್ನ ಅಪ್ಪನಿಗೂ ಸಂಬಂಧ ಇದೆಯೇನೋ ಎಂದು ಆಗ ಯಾರಾದರೂ ಕೇಳಿದ್ದರೆ ನಕ್ಕುಬಿಡುತ್ತಿದ್ದೆ. ಅನಾಥಪ್ರಜ್ಞೆ, ಅಸ್ತಿತ್ವ ಎಂದು ಏನೋ ಹೇಳುತ್ತಿದ್ದೆ. ಸುಳ್ಳು ಹೇಳಿದಂತೆಯೂ ಆಗುತ್ತಿರಲಿಲ್ಲ. ನಿಜವಾಗಿಯೂ ಹೊಳೆದಿರಲಿಲ್ಲ.

ನಾಟಕವನ್ನು ಆಡಿಸಲು ಕೈಗೆತ್ತಿಕೊಂಡವರು ಕಾಲೇಜಿನ ಇಂಗ್ಲಿಷ್ ಅಧ್ಯಾಪಕ ದಿವಾಕರ ಸರ್. ಮೈಸೂರಿನ ಕಡೆಯವರು. ಅವರು ಬಣ್ಣ ತೆಗೆದರು, ಪರದೆ ತೆಗೆದರು, ಕೊನೆಗೆ ಪ್ರಾಂಪ್ಟರನನ್ನೂ ತೆಗೆದರು.

"ಹಿಂದಿನಿಂದ ಸಾಲು ಎತ್ತಿಕೊಡೋನು ಇದ್ರೆ ನಟ ತನ್ನೊಳಗೆ ನೋಡಲ್ಲ ಕಣ್ರೀ. ಮರೆತರೆ ಮರೀಲಿ. ಆ ಮೌನಾನೂ ಅವನದೇ. ಇಲ್ಲಿ ಪಾತ್ರ ಅಂತ ಯಾರೂ ಇಲ್ಲ. ನೀವೇ ಇರೋದು."

"ಹಾಗಾದರೆ ಹೆಣ ಯಾರು ಸರ್?" ಎಂದು ಯಾರೋ ಕೇಳಿದರು.

"ಬರೆದವನೇ ಮಲಗಲಿ. ಲೇಖಕ ಸತ್ತ ಅನ್ನೋದನ್ನ ಜನ ಕಣ್ಣಾರೆ ನೋಡಲಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಶಾಲೆಯೊಂದರ ಕೋಣೆಯಲ್ಲಿ ಅಭ್ಯಾಸ. ಬಂದರಿನಿಂದ ದೋಣಿಯ ಎರಡು ಹಲಗೆ ತಂದು ಹಾಕಿದ್ದರು, ಹೊಸದಾಗಿ ಮೀನೆಣ್ಣೆ ಹಚ್ಚಿದ ಹಲಗೆ. ಅದರ ಮೇಲೆ ಅಂಗಾತ ಮಲಗಿ ಕಣ್ಣು ಮುಚ್ಚಿದೆ. ಕರ್ಕಿಯ ಕಡೆಯ ಯಕ್ಷಗಾನದ ಆಟಗಳನ್ನು ನೋಡಿ ಬೆಳೆದವನು ನಾನು. ಆಟದಲ್ಲಿ ಸತ್ತ ರಾಕ್ಷಸ ಸತ್ತ ಮೇಲೆ ತಾನೇ ನಡೆದುಕೊಂಡು ವೇಷ ಕಟ್ಟುವ ಚೌಕಿಗೆ ಹೋಗುತ್ತಾನೆ, ಬೀಡಿ ಹಚ್ಚುತ್ತಾನೆ. ರಂಗದ ಮೇಲೆ ಸತ್ತವರು ಯಾರೂ ಉಳಿಯುವುದಿಲ್ಲ. ನಾನು ಉಳಿಯಬೇಕಾಗಿತ್ತು. ನಾಟಕದ ಉದ್ದಕ್ಕೂ.

ಹೆದರಿಕೆ ಮೊದಲ ಸಂಜೆಯೇ ಸುರುವಾಯಿತು. ಕಣ್ಣು ಮುಚ್ಚಿದವನ ಸುತ್ತ ನಾಲ್ಕು ಜನ ಕೂತು, ಅವನು ಇಲ್ಲವೆಂಬ ಧೈರ್ಯದಿಂದ ಅವನ ಬಗ್ಗೆ ಮಾತಾಡುವುದು ಬರೆಯಲು ಸುಲಭ. ಮಲಗಿ ಕೇಳಿದರೆ ಬೇರೆ. ಸಾಲುಗಳು ನನ್ನವೇ, ಆದರೂ ಮೇಲಿನಿಂದ ಬೀಳುವಾಗ ಗುರುತು ಸಿಗಲಿಲ್ಲ. ಕಾಲಿನ ಬೆರಳು ಮೊದಲು ಹೋಯಿತು, ಆಮೇಲೆ ಮೊಣಕಾಲು. ಸೊಂಟದವರೆಗೆ ಮರಗಟ್ಟಿದಾಗ ಎದ್ದು ಕೂತುಬಿಟ್ಟೆ.

"ಯೋಚನೆ ಮಾಡ್ತಿದೀರ" ಎಂದರು ಸರ್.

"ಮಾಡಿದರೆ ಯಾರಿಗೆ ಗೊತ್ತಾಗ್ತದೆ ಸರ್?"

"ಕಾಣುತ್ತೆ ಕಣ್ರೀ. ಯೋಚನೆ ಮಾಡೋ ಹೆಣ ದೂರದಿಂದ್ಲೇ ಕಾಣುತ್ತೆ. ಮಲಕ್ಕೊಳ್ಳಿ."

ಅಳುವ ಹೆಂಗಸಿನ ಪಾರ್ಟು ಶಾರದಾ ಟೀಚರದು. ಸಂತೆಗುಳಿಯ ಕಡೆಯ ಹವ್ಯಕರ ಮನೆಯ ಹುಡುಗಿ, ಹೊನ್ನಾವರದಲ್ಲಿ ಹೈಸ್ಕೂಲು ಟೀಚರ್. ಅಂಜುವವಳಲ್ಲ, ಆ ಕಾಲದಲ್ಲಿ ನಾಟಕಕ್ಕೆ ಬಂದದ್ದೇ ಸಾಕ್ಷಿ. ಅವಳಿಗೆ ಇದ್ದದ್ದು ಒಂದೇ ತೊಂದರೆ. ಅಳು ಬರುತ್ತಿರಲಿಲ್ಲ. ಅತ್ತರೆ ಮಕ್ಕಳಿಗೆ ಪದ್ಯ ಓದಿದ ಹಾಗೆ ಇರುತ್ತಿತ್ತು.

"ನಿಮ್ಮದೇ ಒಂದು ದುಃಖ ತನ್ನಿ" ಎಂದು ಸರ್ ದಿನವೂ ಕೇಳುವರು.

"ಎಲ್ಲಿಂದ ತರ್ಲಿ ಸರ್? ನಮ್ಮನೆಲಿ ಯಾರೂ ಸತ್ತಿದ್ವಿಲ್ಲೆ. ಅಜ್ಜಿನೂ ಗಟ್ಟಿ ಇದ್ದು."

ಸಿಟ್ಟು ಬಂದಾಗ ಅವಳ ಮನೆಮಾತು ಹೊರಗೆ ಬರುತ್ತಿತ್ತು. ಒಂದು ದಿನ ಅಭ್ಯಾಸ ಮುಗಿದ ಮೇಲೆ ನನ್ನನ್ನು ಹಿಡಿದಳು. "ನಿಮ್ಮ ಬದಿಯ ಹೆಂಗಸರು ಸತ್ತವರ ಹತ್ರ ಕೂತು ಹೇಳಿ ಹೇಳಿ ಅಳ್ತಾರಂತಲ್ಲ. ನಿಮ್ಮ ತಾಯಿಗೆ ಗೊತ್ತಿರ್ಬೇಕು. ನಾನು ಕಲೀತೆ."

"ಅವ್ವಿಗೆ ಅದೆಲ್ಲ ಬರೂದಿಲ್ಲ" ಎಂದೆ. ನನ್ನ ಅಪ್ಪ ಇಲ್ಲ ಎಂದಷ್ಟೇ ಅವರಿಗೆಲ್ಲ ಹೇಳಿದ್ದೆ. ಹೇಗೆ ಇಲ್ಲ ಎಂದು ಹೇಳಿರಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಕೇರಿಯ ಕೆಸರಿನಲ್ಲಿ ಸೀರೆ ಎತ್ತಿಕೊಂಡು, ಗಾಳಿಗೆ ತಿರುಚಿಕೊಂಡ ಕೊಡೆಯ ಜೊತೆ ಜಗಳವಾಡುತ್ತ ಟೀಚರ್ ಬರುತ್ತಿರುವುದು ಜಗಲಿಯಿಂದ ಕಂಡಿತು. ಕುಮಟೆಯ ಮೀನುಪೇಟೆಯಲ್ಲಿ ಮನೆ ಕೇಳಿಕೊಂಡು ಬಂದಿದ್ದಳು.

ಅವ್ವಿ ಒಳಜಗಲಿಯಲ್ಲಿ ಹಲಸಿನ ಬೀಜದ ಸಿಪ್ಪೆ ತೆಗೆಯುತ್ತಿದ್ದಳು.

"ಈ ಮಳೇಲಿ ಎಂತಕ್ಕೆ ಬಂದ್ರಿ ಟೀಚರಮ್ಮಾ? ಕುಂತ್ಕಣಿ. ಮೀನಿನ ಮನೆ, ಚಾ ಕುಡೀತ್ರ್ಯಾ?"

"ಕುಡೀತೆ. ಸಕ್ಕರೆ ಜಾಸ್ತಿ ಇರ್ಲಿ."

ಅವ್ವಿಗೆ ಹುಡುಗಿ ಹಿಡಿಸಿದಳು. ಚಾ ಮುಗಿಯುವ ತನಕ ಸುಖವಾಗಿತ್ತು. ಆಮೇಲೆ ಟೀಚರ್, ಪಾಠಕ್ಕೆ ಬಂದ ಮಗುವಿನಂತೆ ನೇರವಾಗಿ ಹೇಳಿದಳು: "ನಿಮ್ಮ ಮಗ ನಾಟಕದಲ್ಲಿ ಹೆಣ ಆಗ್ತಾರೆ. ನಾನು ಬದಿಗೆ ಕೂತು ಅಳ್ಬೇಕು. ಯಂಗೆ ಅಳಲೆ ಬತ್ತಿಲ್ಲೆ ಅಮ್ಮಾ. ಕಲಿಸಿ."

ಅವ್ವಿ ನನ್ನ ಕಡೆ ನೋಡಿದಳು. "ಹೆಣ ಆಗ್ತ್ಯಾ?"

"ಸುಮ್ನೆ ಮಲಗೂದು ಅವ್ವಿ. ಮಾತಿಲ್ಲ."

"ಹೆಣಕ್ಕೆ ಮಾತು ಎಲ್ಲಿಂದ ಬರ್ಬೇಕು." ಇನ್ನೊಂದು ಬೀಜ ಎತ್ತಿಕೊಂಡಳು. "ಸತ್ತವ ನಿಮ್ಗೆ ಎಂತ ಆಗ್ಬೇಕು?"

"ಅದು ಗೊತ್ತಿಲ್ಲ. ನಾಟಕದಲ್ಲಿ ಹೇಳಿಲ್ಲ."

"ಎಂತ ಆಗ್ಬೇಕು ಗೊತ್ತಿಲ್ದೆ ಹ್ಯಾಂಗೆ ಅಳ್ತ್ರಿ? ಮಗಂಗೆ ಅಳೂದೇ ಬೇರೆ, ಅಣ್ಣಂಗೆ ಅಳೂದೇ ಬೇರೆ." ಮಾಡಿನ ನೀರು ಅಂಗಳದಲ್ಲಿ ಬೀಳುತ್ತಿತ್ತು. ಅವಳು ಈಗ ಎದ್ದು ಒಳಗೆ ಹೋಗುತ್ತಾಳೆ, ಹೋಗಲಿ ಎಂದು ಕಾದೆ. "ಗಂಡ ಅಂತ ಇಟ್ಕಣಿ" ಎಂದಳು.

ಮತ್ತೆ ಸಾರಿನ ಕ್ರಮ ಹೇಳುವ ದನಿಯಲ್ಲಿ, ಬೀಜ ಸುಲಿಯುವುದನ್ನು ನಿಲ್ಲಿಸದೆ ಹೇಳಿಕೊಟ್ಟಳು.

"ಮೊದ್ಲು ಹೆಸರು ಕೂಗೂದು. ಯಾರಿಗೆ ಅಳ್ತ್ರಿ ಅಂತ ಅವಂಗೆ ಗೊತ್ತಾಗ್ಬೇಕಲ."

"ಹೆಸರಿಲ್ಲ ಅಮ್ಮಾ ಅವಂಗೆ."

"ಹೆಸರೂ ಇಲ್ಯಾ?" ನನ್ನನ್ನೇ ನೋಡಿದಳು. "ನೀನೇ ಬರ್ದದ್ದನಾ ಇದು?" ನಾನು ತಲೆ ತಗ್ಗಿಸಿದೆ. "ಆತು. ಹೆಸರು ನೀವೇ ಹಾಕ್ಕಣಿ. ಆಮೇಲೆ ಹೇಳ್ತಾ ಹೋಗೂದು. ಕಿರುಬೆಟ್ಟು ಡೊಂಕಿತ್ತಲಾ ನಿಂಗೆ, ಹಗ್ಗ ಸುತ್ತಿ ಡೊಂಕಾಗಿತ್ತಲಾ. ಬಿಸಿ ಗಂಜಿ ಆಗ್ತಿರ್ಲಿಲ್ಲಲಾ ನಿಂಗೆ, ಊದಿ ಊದಿ ಉಣ್ತಿದ್ಯಲಾ. ಉಪ್ಪುನೀರು ತಣ್ಣಗಿತ್ತನಾ. ಕದ ಅಲ್ಲಾಡಿದ್ರೆ ನಾ ಏಳ್ತಿದ್ನಲಾ, ಗಾಳಿಗೆಲ್ಲ ಎದ್ದಿದ್ನಲಾ."

ಅವಳ ಕಣ್ಣು ಒಣಗಿತ್ತು. ಟೀಚರ್ ಮೆಲ್ಲಗೆ ಸಾಲುಗಳನ್ನು ತಿರುಗಿ ಹೇಳಿಕೊಳ್ಳುತ್ತಿದ್ದಳು. ನಾನು ಕಂಬ ಹಿಡಿದು ನಿಂತಿದ್ದೆ. ಇವು ಈಗ ಹುಟ್ಟಿದ ಸಾಲುಗಳಲ್ಲ. ಬಹಳ ಸಲ ಒಳಗೇ ಹೇಳಿ ಹೇಳಿ ನುಣುಪಾದವು. ಅವ್ವಿ ಇವನ್ನು ಎಷ್ಟು ವರ್ಷದಿಂದ ಇಟ್ಟುಕೊಂಡಿದ್ದಳು? ಅಪ್ಪನ ಕಿರುಬೆರಳು ಡೊಂಕಿತ್ತೇ? ನನಗೆ ನೆನಪೇ ಇರಲಿಲ್ಲ. ಈಗ ನೆನಪಿದೆ, ಸ್ಪಷ್ಟವಾಗಿ ಕಾಣುತ್ತದೆ. ಆದರೆ ಅದು ನಾನು ಕಂಡ ಬೆರಳೋ ಕೇಳಿದ ಸಾಲೋ ಎಂದು ಬೇರ್ಪಡಿಸಲು ಇಂದಿಗೂ ಆಗಿಲ್ಲ.

"ನಿಲ್ಸೂದು ಹ್ಯಾಂಗೆ?" ಟೀಚರ್ ಕೇಳಿದಳು.

"ನಮ್ಮಷ್ಟಕ್ಕೆ ನಿಲ್ಸುಕೆ ಆಗ. ಬೇರೆಯವ್ರು ಬಂದು ರಟ್ಟೆ ಹಿಡ್ದು ಎಬ್ಬಿಸ್ಬೇಕು. ನಾಟಕದಲ್ಲಿ ಯಾರು ಎಬ್ಬಿಸ್ತ್ರು?"

"ಯಾರೂ ಇಲ್ಲ."

"ಹಾಂಗಾದ್ರೆ ಕಷ್ಟ" ಎಂದಳು ಅವ್ವಿ.

ಗೋಡೆಯ ಆಚೆ ಚಿಕ್ಕಪ್ಪ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಸಂಜೆ ನಾನು ಬಸ್ಸಿಗೆ ಹೊರಟಾಗ ಹಿಂದೆಯೇ ಬಂದ. "ಗೊಂಬೆಗೆ ಅಳುಕಾಗ ಅಂದವ್ಳು ಟೀಚರಿಗೆ ಪಾಠ ಹೇಳ್ತಾಳೆ. ಕೇಳಿದ್ಯಾ? ಅವಳೊಳಗೆ ಎ‌ಲ್ಲಾ ಇತ್ತು." ನನ್ನ ಕೈ ಹಿಡಿದು ನಿಲ್ಲಿಸಿದ. "ನಿನ್ನ ನಾಟಕಕ್ಕೆ ಅವಳ ಕರ್ಕಂಡು ಬರ್ತೆ."

"ಬೇಡ ಚಿಕ್ಕಪ್ಪಾ. ಕಾಲಿಗೆ ಬೀಳ್ತೆ, ಬೇಡ."

"ಒಂದ್ಸಲ ಅತ್ರೆ ಸಾಕು ತಮಾ. ಅಣ್ಣ ನೀರಿಂದ ಮ್ಯಾಲೆ ಬರ್ತ. ಆಮೇಲೆ ಈ ವರ್ಷನೇ ಮುಗ್ಸಿ ಬಿಡುವ."

ಬಸ್ಸಿನ ಕಿಟಕಿಗೆ ಹಾಕಿದ ತಾಡಪಾಲಿನಿಂದ ನೀರು ತೊಡೆಯ ಮೇಲೆ ಸೋರುತ್ತಿತ್ತು. ಅವಳು ಅತ್ತರೆ ಅಪ್ಪ ಸಾಯುತ್ತಾನೆ, ನಾನು ಬರೆದ ನಾಟಕದಲ್ಲಿ. ಅಳದಿದ್ದರೆ ಅವನು ಮೊಣಕಾಲು ಮಟ್ಟ ನೀರಿನಲ್ಲಿ ನಿಂತೇ ಇರುತ್ತಾನೆ. ನನಗೆ ಯಾವುದು ಬೇಕಾಗಿತ್ತು? ಆ ಪ್ರಶ್ನೆಗೇ ಹೆಚ್ಚು ಹೆದರಿದೆ. ಭಾವನೆ ಯಾರದ್ದೋ ಅವರೇ ಅದರ ಒಡೆಯರು ಎಂದು ಲೇಖನ ಬರೆದವನು ನಾನು. ನನ್ನೊಳಗೆ ಇಣುಕಿದರೆ ಅಲ್ಲಿ ಯಾರೂ ಇರಲಿಲ್ಲ. ಎಣ್ಣೆ ಹಚ್ಚಿದ ಹಲಗೆಯ ಮೇಲೆ ಯಾರೋ ಮಲಗಿದ್ದರು, ಮುಖ ಕಾಣುತ್ತಿರಲಿಲ್ಲ.

ಟೀಚರ್ ಈಗ ಅಳತೊಡಗಿದಳು. ಕೋಣೆಯಲ್ಲಿದ್ದ ಹುಡುಗರು ಮಾತು ನಿಲ್ಲಿಸುವಷ್ಟು ಚೆನ್ನಾಗಿ. ಹೆಸರಿನ ಜಾಗದಲ್ಲಿ ಮಾತ್ರ ಏನೂ ಇಲ್ಲದ್ದರಿಂದ "ಓ ನನ್ನ…" ಎಂದು ಬಿಟ್ಟು ಮುಂದೆ ಹೋಗುವಳು. ಸರ್ ಕೈ ಕೈ ಹಿಸುಕಿಕೊಂಡು ಓಡಾಡಿದರು. "ಇದು, ಇದು. ಈ ಅಳು ನಿಮ್ಮದೇ." ಒಂದು ಸಂಜೆ ಅವಳು ನನ್ನ ಕಿರುಬೆರಳನ್ನು ಹಿಡಿದು, ಡೊಂಕಿತ್ತಲಾ ಎನ್ನುತ್ತ ಮೆಲ್ಲಗೆ ಮಡಚಿದಳು. ಅಭ್ಯಾಸ ಮುಗಿದು ಎದ್ದ ಮೇಲೆ ಆ ಬೆರಳು ನೆಟ್ಟಗಾಗಲಿಲ್ಲ. ಎಡಗೈಯಿಂದ ನೇರ ಮಾಡಿದೆ. ಬಿಟ್ಟರೆ ಮತ್ತೆ ಮಡಚಿಕೊಂಡಿತು. ಮರುದಿನ ಕಚೇರಿಯಲ್ಲಿ ನಕ್ಷೆ ಎಳೆಯುವಾಗ ಗೆರೆ ನಡುಗಿ, ಒಂದು ತೂಬು ಎರಡಾಯಿತು.

"ನನಗೆ ಆಗುವುದಿಲ್ಲ ಸರ್, ಬೇರೆಯವರನ್ನು ಮಲಗಿಸಿ" ಎಂದು ಹೋಗಿ ಹೇಳಿದೆ.

"ಹೆದರಿಕೆ ಆಗ್ತಿದೆಯಾ?" ಅವರ ಮುಖ ಅರಳಿತು. "ಅದನ್ನೇ ಉಳಿಸ್ಕೊಳ್ಳಿ. ಬಿಟ್ಟುಬಿಡಬೇಡಿ."

ನಾಟಕ ಇದ್ದದ್ದು ಭಾನುವಾರ ಮಧ್ಯಾಹ್ನ. ಮಳೆಗಾಲದಲ್ಲಿ ಕರೆಂಟನ್ನು ನಂಬುವ ಹಾಗಿರಲಿಲ್ಲ. ಹಂಚಿನ ಮಾಡಿನ ಸಭಾಭವನ, ಮಾಡಿನ ನಡುವೆ ಅಲ್ಲಲ್ಲಿ ಗಾಜಿನ ಹಂಚು. ಬೂದು ಬೆಳಕು ಹಲಗೆಯ ಮೇಲೆ ಬೀಳುವಂತೆ ಸರ್ ಜಾಗ ಹಿಡಿದಿದ್ದರು. ಕಾಲೇಜು ಹುಡುಗರು, ಪೇಟೆಯ ಅಂಗಡಿಯವರು, ಎಡಗಡೆ ಹೆಂಗಸರ ಬೆಂಚು. ನಾನು ಮಲಗಲು ಹೋಗುವ ಮೊದಲು ಪಕ್ಕದ ಬಾಗಿಲಲ್ಲಿ ಚಿಕ್ಕಪ್ಪ ಒದ್ದೆ ಕೊಡೆ ಮಡಚುತ್ತಿದ್ದ. ಅವನ ಹಿಂದೆ ಅವ್ವಿ, ಪೆಟ್ಟಿಗೆಯ ಸೀರೆ ಉಟ್ಟು. ಅವಳು ನೇರವಾಗಿ ಹಲಗೆಯ ಹತ್ತಿರ ಬಂದು ಬಗ್ಗಿ ಮುಟ್ಟಿದಳು.

"ಎಣ್ಣೆ ಹಚ್ಚಿದವ ಯಾರು? ಒಂದೇ ಬದಿಗೆ ಹಚ್ಚಿದ್ದ" ಎಂದಳು. ಮತ್ತೆ ನನ್ನ ಮುಖ ನೋಡಿ, "ಹೆದ್ರಿಕೆ ಆಗ್ತದ್ಯನಾ?"

"ಇಲ್ಲ."

"ನಂಗೆ ಆಗ್ತದೆ" ಎಂದು ಹೇಳಿ ಬೆಂಚಿಗೆ ಹೋಗಿ ಕೂತಳು.

ಮಲಗಿದೆ. ಕಣ್ಣು ಮುಚ್ಚಿದೆ. ಇಲ್ಲಿಂದ ಮುಂದೆ ನಾನು ಕಂಡದ್ದು ಏನೂ ಇಲ್ಲ.

ನಾಟಕ ಹೇಗೆ ನಡೆಯಿತೋ ತಿಳಿಯದು. ನನ್ನ ಸಾಲುಗಳಿಗೆ ಜನ ಎರಡು ಕಡೆ ನಕ್ಕರು. ಅಲ್ಲಿ ನಗುವಂಥದ್ದು ಇದೆಯೆಂದು ನನಗೆ ಗೊತ್ತಿರಲಿಲ್ಲ. ಕಾಲು ಹೋಯಿತು, ಮೊಣಕಾಲು ಹೋಯಿತು. ಮಳೆ ಜೋರಾಯಿತು. ಟೀಚರ್ ಬಂದು ಬದಿಗೆ ಕೂತದ್ದು ಬಳೆಯ ಸದ್ದಿನಿಂದ ತಿಳಿಯಿತು. ಸೆರಗಿನ ತುದಿ ನನ್ನ ಕೈಗೆ ತಾಗಿತು.

"ಓ ನನ್ನ…" ಎಂದಳು.

ನಿಂತಿತು. ದಿನವೂ ದಾಟುತ್ತಿದ್ದ ಜಾಗವನ್ನು ಅಂದು ದಾಟಲಿಲ್ಲ. ಆಮೇಲೆ ಕೇಳಿದಾಗ, ಬೆಂಚಿನಲ್ಲಿ ನಿಮ್ಮ ಅಮ್ಮನ ಮುಖ ಕಂಡಿತು, ಮುಂದಿನದೆಲ್ಲ ಹೊರಟುಹೋಯಿತು ಎಂದಳು. ಎತ್ತಿಕೊಡಲು ಹಿಂದೆ ಯಾರೂ ಇರಲಿಲ್ಲ. ಮೌನವೂ ಅವಳದೇ ಎಂದು ಸರ್ ಹೇಳಿದ್ದರಲ್ಲ. ಅದು ಅವಳದಾಗಿ ಉಳಿಯಲಿಲ್ಲ. ಉದ್ದವಾಗುತ್ತ ಹೋಗಿ ಎಲ್ಲರದೂ ಆಯಿತು. ಯಾರೋ ಕೆಮ್ಮಿದರು. ಹಂಚಿನ ಮೇಲೆ ಮಳೆ. ಏಳಬೇಕೆ? ಹೆಣ ಎದ್ದು ಸಾಲು ಹೇಳಬಹುದೇ?

ಆಗ ಎಡಗಡೆಯಿಂದ ಒಂದು ದನಿ ಬಂತು.

"ಗಣಪತೀ."

ಅಪ್ಪನ ಹೆಸರು. ಅವ್ವಿಯ ಬಾಯಿಂದ ಅದನ್ನು ನಾನು ಕೇಳಿದ್ದೇ ಇಲ್ಲ. ಹಾಗಾಗಿ ದನಿ ಅವ್ವಿಯದೆಂದು ತಿಳಿಯಲು ತಡವಾಯಿತು. ಟೀಚರಿಗೆ ಸಾಲು ಎತ್ತಿಕೊಡುವ ಹಾಗೆ, ಸ್ವಲ್ಪ ತಗ್ಗಿದ ದನಿಯಲ್ಲಿ ಹೇಳಿದಳು. ಟೀಚರ್ ಸುಮ್ಮನಿದ್ದಳು. ಎರಡನೆಯ ಸಲ ಹೇಳಿದಾಗ ಅದು ಎತ್ತಿಕೊಡುವ ದನಿಯಾಗಿರಲಿಲ್ಲ. ಕಡಲಿಗೆ ಕೇಳುವ ಹಾಗೆ ಕೂಗಿದಳು. ಬೆಂಚು ಕಿರುಗುಟ್ಟಿತು. ಬರಿಗಾಲು ಹತ್ತಿರ ಬಂತು.

"ಕಿರುಬೆಟ್ಟು ಡೊಂಕಿತ್ತಲಾ ನಿಂಗೆ."

ನನ್ನ ಬೆರಳು ಹಿಡಿದಳು. ಅದು ತಾನಾಗಿ ಮಡಚಿಕೊಂಡಿತು. ಅವಳು ಕಲಿಸಿದ ಸಾಲುಗಳು ಮುಗಿದವು, ಕಲಿಸದವು ಬಂದವು. ಅವನ್ನು ಇಲ್ಲಿ ಬರೆಯುವುದಿಲ್ಲ. ಅವು ಗಂಡನಿಗೆ ಹೇಳಿದ ಮಾತು, ನಾನು ಕೇಳಬಾರದ್ದು. ಮಗನ ಮುಂದೆ ಅವಳು ಅದನ್ನೆಲ್ಲ ಹೇಳುವವಳಲ್ಲ. ಹೇಳುತ್ತಿದ್ದಳೆಂದರೆ ನಾನು ಅಲ್ಲಿ ಇರಲಿಲ್ಲ. ಹಲಗೆಯ ಮೇಲೆ ಮಲಗಿದ್ದವನು ಅವನು. ನನ್ನ ತೊಡೆ ತಣ್ಣಗಾಯಿತು, ಸೊಂಟ ತಣ್ಣಗಾಯಿತು. ನೀರು ಏರುತ್ತಿದೆ ಅನಿಸಿತು. ಕಣ್ಣು ತೆರೆದರೆ ಸತ್ತವನು ಎದ್ದಂತಾಗುತ್ತದೆ. ಅವಳು ಮತ್ತೆ ಕಾಯಲು ಕೂರುತ್ತಾಳೆ. ತೆರೆಯದಿದ್ದರೆ ಅವಳು ನಿಲ್ಲಿಸುವುದಿಲ್ಲ. ಯಾರಾದರೂ ಬಂದು ರಟ್ಟೆ ಹಿಡಿಯಬೇಕಿತ್ತು. ಸಭೆಯಲ್ಲಿ ಯಾರೂ ಏಳಲಿಲ್ಲ, ಇದೂ ನಾಟಕವೆಂದು ಕೂತಿದ್ದರು. ಟೀಚರಿಗೆ ಗೊತ್ತಿತ್ತು, ಆದರೆ ಅವಳೂ ಅಳುತ್ತಿದ್ದಳು, ಅವಳನ್ನೂ ಎಬ್ಬಿಸುವವರು ಬೇಕಾಗಿತ್ತು. ಅವ್ವಿಯ ದನಿ ಒಡೆದು ಗೊರಗೊರ ಆಯಿತು, ಆದರೂ ನಿಲ್ಲಲಿಲ್ಲ. ಏಳು ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡವನು ಒಬ್ಬನಿದ್ದ, ಕೇಳಬೇಕಾದವನು ಇರಲಿಲ್ಲ. ನಾನು ಉಸಿರಾಡುತ್ತಿಲ್ಲ ಎಂಬುದು ಆಗ ಗಮನಕ್ಕೆ ಬಂತು. ಬಿಡಲು ನೋಡಿದೆ. ಆಗಲಿಲ್ಲ.

ಎದೆಯ ಮೇಲೆ ಒಂದು ಅಂಗೈ ಬಂದು ಕೂತಿತು. ಅಳು ನಿಂತಿತು.

"ಉಸಿರು ಬಿಡು ತಮಾ" ಎಂದಳು, ಮನೆಯ ದನಿಯಲ್ಲಿ.

ಬಿಟ್ಟೆ. ಮುಚ್ಚಿದ ರೆಪ್ಪೆಯಡಿಯಿಂದ ನೀರು ಕಿವಿಗೆ ಇಳಿಯಿತು. ಕಣ್ಣು ತೆರೆದಾಗ ಮೊದಲು ಕಂಡದ್ದು ಗಾಜಿನ ಹಂಚು, ಆಮೇಲೆ ಅವಳ ಮುಖ. ನಾನು ಎದ್ದು ಕೂತು, ಅವಳ ರಟ್ಟೆ ಹಿಡಿದು ಎಬ್ಬಿಸಿದೆ. ಜನ ಚಪ್ಪಾಳೆ ತಟ್ಟಿದರು. ಬಹಳ ಹೊತ್ತು ತಟ್ಟಿದರು. ಆ ಸದ್ದಿನಷ್ಟು ಹೆದರಿಸಿದ್ದು ನನ್ನನ್ನು ಮತ್ತೊಂದಿಲ್ಲ.

ಸರ್ ಓಡಿ ಬಂದು ಅವ್ವಿಯ ಕೈ ಹಿಡಿಯಲು ಹೋದರು. "ಅಮ್ಮಾ, ಇಂಥದ್ದನ್ನ ನಾನು ಎಲ್ಲೂ…" ಚಿಕ್ಕಪ್ಪ ನಡುವೆ ಬಂದು ಕೊಡೆ ಬಿಚ್ಚಿದ. ಮಾಡಿನ ಒಳಗೇ ಬಿಚ್ಚಿದ. ಅದರಡಿ ಅವಳನ್ನು ನಡೆಸಿಕೊಂಡು ಹೊರಗೆ ಕರೆದೊಯ್ದ. ಆಮೇಲೆ ಸರ್ ನನ್ನನ್ನು ಗದರಿದರು: "ಎಲ್ಲಾ ಸರಿ, ಹೆಣದ ಕಣ್ಣಲ್ಲಿ ನೀರು ಯಾಕ್ರೀ ಬಂತು?"

ಉಸಿರು ಬಿಡು ಎಂದದ್ದನ್ನು ಅವ್ವಿ ಒಪ್ಪಲೇ ಇಲ್ಲ. ಎಷ್ಟೋ ವರ್ಷದ ಮೇಲೆ ಕೇಳಿದಾಗ, "ನಾ ಎಂತದೂ ಹೇಳ್ಲಿಲ್ಲ. ನೀನೇ ಎದ್ದು ನನ್ನ ಎಬ್ಬಿಸ್ದೆ" ಎಂದಳು. ಟೀಚರ್ ಹೇಳುವ ಪ್ರಕಾರ ಅವ್ವಿ ನನ್ನ ಎದೆ ಮುಟ್ಟಲೇ ಇಲ್ಲ, ಕಾಲು ಮುಟ್ಟಿದಳು. ಚಿಕ್ಕಪ್ಪ ಏನನ್ನೂ ನೋಡಿರಲಿಲ್ಲ. ಅವನು ಬಾಗಿಲ ಕಡೆ ನೋಡುತ್ತಿದ್ದ, ಅಣ್ಣ ಬರಬಹುದೆಂದು. ನಾನು ಬರೆದದ್ದು ನಾನು ಕೇಳಿದ್ದು. ಕೇಳಿದವನು ಆ ಹೊತ್ತಿನಲ್ಲಿ ಯಾರಾಗಿದ್ದ ಎಂಬುದಕ್ಕೆ ನನ್ನ ಹತ್ತಿರ ಪುರಾವೆ ಇಲ್ಲ.

ಒಂದು ವಾರದೊಳಗೆ ಚಿಕ್ಕಪ್ಪ ಎಲ್ಲ ಏರ್ಪಾಡು ಮಾಡಿದ. ಕೇರಿಯ ಆಚೆ, ಅಲೆ ತಾಗದ ಜಾಗದಲ್ಲಿ, ಹಸಿ ಮರಳಿನ ಮೇಲೆ ನಾಲ್ಕು ಕಟ್ಟಿಗೆ ಅಡ್ಡ ಇಟ್ಟು ದರ್ಭೆಯ ಗೊಂಬೆಯನ್ನು ಮಲಗಿಸಿದ್ದರು. ಹೆಂಗಸರು ಅಲ್ಲಿಗೆ ಬರುವ ಪದ್ಧತಿ ಇರಲಿಲ್ಲ. ಅವ್ವಿ ಬಂದು ಕೇರಿಯ ಬೇಲಿಯ ಹತ್ತಿರ ನಿಂತಳು, ಬರಿ ಹಣೆಯಲ್ಲಿ. ಅವಳು ಅಳುತ್ತಿರಲಿಲ್ಲ. ಅದು ಮುಗಿದಿದೆ ಎಂದು ಎಲ್ಲರಿಗೂ ಗೊತ್ತಿತ್ತು.

ಕೊಳ್ಳಿ ನನ್ನ ಕೈಗೆ ಕೊಟ್ಟರು. ಗೊಂಬೆ ಅಂಗಾತ ಮಲಗಿತ್ತು, ಕೈ ಎರಡು ಬದಿಗೆ, ಕಾಲು ಜೋಡಿಸಿ. ದರ್ಭೆಯ ಎದೆ ಗಾಳಿಗೆ ಏಳುತ್ತಿತ್ತು, ಇಳಿಯುತ್ತಿತ್ತು.

"ಹಚ್ಚು ತಮಾ, ಮಳೆ ಬರ್ತದೆ" ಎಂದ ಚಿಕ್ಕಪ್ಪ.

ನಾನು ಬಗ್ಗಿ ನೋಡುತ್ತಲೇ ಇದ್ದೆ. ಕೈ ಮುಂದೆ ಹೋಗಲಿಲ್ಲ. ಕೊಳ್ಳಿಯ ಬಿಸಿ ಬೆರಳಿನ ತನಕ ಇಳಿಯಿತು. ಹಿಂದೆ ಮರಳಿನಲ್ಲಿ ಹೆಜ್ಜೆಯ ಸದ್ದಾಯಿತು. ಅವ್ವಿ ಬೇಲಿ ದಾಟಿ ಬಂದು ನನ್ನ ಬೆನ್ನ ಹಿಂದೆ ನಿಂತಿದ್ದಳು.

"ಅದು ನೀ ಅಲ್ಲ" ಎಂದಳು. "ಹಚ್ಚು."

ಹಚ್ಚಿದೆ.